ವಾರಕ್ಕೊಂದು ಗುಳಿಗೆ

ಹೋದ ವಾರ ವಿಜಯಪುರದ ದವಾಖಾನೆಯೊಂದರಲ್ಲಿ ನನ್ನ ರಕ್ತದ ರಿಪೋರ್ಟು ನೋಡಿದ ಡಾಕ್ಟರು, ವಿಟಮಿನ್ ಡಿ ಕಡಿಮೆಯಿದೆ ಎಂದು ಎಂಟು ಗುಳಿಗೆ ಬರೆದುಕೊಟ್ಟರು. "ವಾರಕ್ಕ ಒಂದ ಅಲ್ರಿ?" ಎಂದೆ. ಹೌದೆಂದರು. ಬಾಗಿಲವರೆಗೆ ಹೋಗಿ, ತಿರುಗಿ ಬಂದು ಮತ್ತೆ ಕೇಳಿದೆ. ಮೂರನೆಯ ಸಲ ಕೇಳಿದಾಗ ಅವರು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಯಾಕೆಂದು ನಿಮಗೆ ಹೇಳುತ್ತೇನೆ.

ಹೊನವಾಡದಲ್ಲಿ ನನ್ನ ಅಣ್ಣನ ಮನೆ. ಅಣ್ಣ ಇಡೀ ದಿನ ದ್ರಾಕ್ಷಿ ತೋಟದಲ್ಲಿ. ವೈನಿ, ಅಂದರೆ ನನ್ನ ಅತ್ತಿಗೆ, ನಡುಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ. ಊರಿನ ಅರ್ಧ ಹೆಂಗಸರ ಕುಬಸ ಆಕೆ ಹೊಲಿದದ್ದು. ನಮ್ಮ ಕಡೆಯ ಬಿಸಿಲನ್ನು ಬೈಯದವರಿಲ್ಲ, ಆದರೆ ಆಕೆಯ ಮೈಗೆ ಬಿಸಿಲು ತಾಗುತ್ತಿದ್ದುದು ಬಟ್ಟೆ ಒಣಹಾಕುವಷ್ಟು ಹೊತ್ತು, ಅದೂ ತಲೆತುಂಬ ಸೆರಗಿನ ಮೇಲೆ. ಕೆಲವು ವರ್ಷಗಳ ಹಿಂದೆ ಸೊಂಟ, ಮೊಣಕಾಲು ಹಿಡಿದುಕೊಂಡಾಗ ನಾನೇ ವಿಜಯಪುರಕ್ಕೆ ಕರೆತಂದು ತೋರಿಸಿದೆ. ಎಂಟು ವಾರಕ್ಕೆ ಎಂಟು ಗುಳಿಗೆ, ಆಮೇಲೆ ಮತ್ತೆ ಬನ್ನಿ ಎಂದಿದ್ದರು.

ನೋವು ಇಳಿಯಿತು. ಮತ್ತೆ ತೋರಿಸಲು ಯಾರೂ ಹೋಗಲಿಲ್ಲ. ವಿಜಯಪುರದ ನನ್ನ ಆಫೀಸಿನಲ್ಲಿ ಆಗ ನನಗೆ ಅರ್ಧ ಡಾಕ್ಟರ್ ಎಂದು ಹೆಸರು. ಫೋನಿನಲ್ಲಿ ಓದಿದ್ದನ್ನೆಲ್ಲ ಸಿಕ್ಕವರ ತಲೆಗೆ ಸುರಿಯುತ್ತಿದ್ದೆ.

"ತಮ್ಮಾ, ಆ ಗುಳಿಗಿ ಮುಗದಾವು. ಇನ್ನೊಂದಿಷ್ಟು ತರ್ತಿಯೇನ?" ಎಂದು ವೈನಿ ಕೇಳಿದಳು.

"ಅದು ಬರೇ ವಿಟಮಿನ್ನರಿ ವೈನಿ. ಎಷ್ಟ ತಗೊಂಡ್ರೂ ಏನಾಗೂದಿಲ್ಲ," ಎಂದೆ.

ಅಂಗಡಿಯವನು ಚೀಟಿ ಕೇಳಲಿಲ್ಲ. ರವಿವಾರ ಹೊನವಾಡಕ್ಕೆ ಹೋದಾಗಲೆಲ್ಲ ಜೇಬಿನಲ್ಲಿ ಒಯ್ದು, ಅಣ್ಣನಿಗೆ ಕಾಣದಂತೆ ಕೊಡುತ್ತಿದ್ದೆ. ಗುಳಿಗೆ ಕಂಡರೆ ಅವನು ರೇಗುತ್ತಿದ್ದ. ವೈನಿ ದಿನಾ ಊಟವಾದ ಮೇಲೆ ಒಂದು ನುಂಗತೊಡಗಿದಳು.

ಏಳೆಂಟು ತಿಂಗಳಿಗೆ ಆಕೆಗೆ ಊಟ ಸೇರದಾಯಿತು. ವಾಂತಿ, ಎಷ್ಟು ಕುಡಿದರೂ ತೀರದ ನೀರಡಿಕೆ. ಬ್ಯಾಸಿಗೆಯ ಕಾಟವೆಂದುಕೊಂಡೆವು. ಒಂದು ಮಧ್ಯಾಹ್ನ, ಇಪ್ಪತ್ತು ವರ್ಷಗಳಿಂದ ಕುಬಸ ಹೊಲಿಸುತ್ತಿದ್ದ ಗಿರಾಕಿ ಎದುರಿಗೆ ನಿಂತರೂ ಆಕೆಗೆ ಗುರುತು ಹತ್ತಲಿಲ್ಲ; ಮಾತೂ ತೊದಲುತ್ತಿತ್ತು.

ದವಾಖಾನೆಯಲ್ಲಿ ನಾಲ್ಕು ದಿನ ಸಲಾಯಿನ್ ಏರಿಸಿದ ಮೇಲೆ ಮಾತು ನೆಟ್ಟಗಾಯಿತು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ಮೂತ್ರಪಿಂಡಗಳಿಗೆ ಪೆಟ್ಟಾಗಿತ್ತು.

"ಈ ವಿಟಮಿನ್ ಹೆಚ್ಚಾದ್ರ ಮೂತ್ರದಾಗ ಹೋಗೂದಿಲ್ರಿ, ಮೈಯಾಗ ಕೂಡತೈತಿ," ಎಂದರು ಡಾಕ್ಟರು. "ಮನಷ್ಯಾಗ ದಿನಕ್ಕ ಬೇಕಾಗೂದು ತಟಕ, ಒಂದು ಚೂರು. ಇಂಥಾ ದೊಡ್ಡ ಗುಳಿಗಿ ಕಡಿಮಿ ಇದ್ದವರಿಗೆ ವಾರಕ್ಕೊಂದು, ಅದೂ ಕೆಲವ ವಾರ ಅಷ್ಟ. ದಿನಾ ತಗೋರಿ ಅಂತ ಯಾರು ಹೇಳಿದ್ರು?"

ಅಣ್ಣ ವೈನಿಯ ಮುಖ ನೋಡಿದ. ನಾನು ನೆಲ ನೋಡಿದೆ.

"ಯಾರೂ ಹೇಳಿಲ್ರಿ. ನಾನ ತರಿಸಿಕೊಂಡು ತಗೊಂಡೆ," ಎಂದಳು ವೈನಿ.

ಆಕೆ ಬದುಕಿದಳು. ಮೂತ್ರಪಿಂಡಗಳು ಮಾತ್ರ ಪೂರ್ತಿ ಸುಧಾರಿಸಲಿಲ್ಲ. ಉಪ್ಪು ಅಳತೆಯಲ್ಲಿ, ಬೇಳೆ ಅಳತೆಯಲ್ಲಿ. ಕಾಲು ಬಾತು ಪೆಡಲ್ ತುಳಿಯಲಾಗದೆ ಯಂತ್ರ ಮಾರಿದರು. "ಕಂಡಕಂಡದ್ದು ನುಂಗಿ ಮನಿ ಹಾಳ ಮಾಡಿದಿ," ಎಂದು ಅಣ್ಣ ಆಕೆಯನ್ನು ಬೈಯುವುದು, ಪಕ್ಕದಲ್ಲೇ ನಾನು ಚಹಾ ಕುಡಿಯುತ್ತ ಕೂಡುವುದು, ಎರಡೂ ರೂಢಿಯಾಗಿಬಿಟ್ಟವು.

ಈ ರವಿವಾರ ಹೋದಾಗ ಅಣ್ಣ ಮತ್ತೆ ಅದೇ ಬೈಗುಳ ತೆಗೆದ. ಚಹಾದ ಕಪ್ಪು ಕೆಳಗಿಟ್ಟೆ.

"ಅಣ್ಣಾ, ಆ ಗುಳಿಗಿ ತಂದು ಕೊಟ್ಟಾವ ನಾನು. ಎಷ್ಟ ತಗೊಂಡ್ರೂ ಏನಾಗೂದಿಲ್ಲಂತ ಹೇಳಿದಾವನೂ ನಾನು."

ವೈನಿ ಕಣ್ಣು ಮುಚ್ಚಿಕೊಂಡಳು. "ಅಣ್ಣತಮ್ಮರ ನಡುವ ಮಾತು ನಿಂತೀತಂತ ಇಷ್ಟ ವರ್ಷ ಬೈಸಿಕೊಂಡೆ," ಎಂದಳು. "ಯಾಕ ಹೇಳಿದಿ ತಮ್ಮಾ?"

ಅಣ್ಣ ಎದ್ದು ಹೋಗಿ ಆಕೆಯ ಬಾತ ಕಾಲಿನ ಹತ್ತಿರ ಕೂತ. ಪ್ರತಿ ಸಲ ಬಸ್ಸಿನವರೆಗೂ ಬರುತ್ತಿದ್ದವನು, ನಾನು ಹೊರಟೆನೆಂದಾಗ ತಲೆಯೆತ್ತಲಿಲ್ಲ.

ದಾರಿಯಲ್ಲಿ ತಿಕೋಟಾ ಊರು ಬರುವವರೆಗೂ ಬಸ್ಸಿನ ಕಿಟಕಿಯಾಚೆ ನೋಡುತ್ತ ಕೂತಿದ್ದೆ. ಇನ್ನು ಮೇಲೆ ಆಕೆ ಬೈಸಿಕೊಳ್ಳಬೇಕಿಲ್ಲ. ನಾನು ಆಕೆಗೆ ಕೊಡಬಹುದಾದದ್ದು ಅಷ್ಟೇ ಉಳಿದಿತ್ತು, ಅದನ್ನೂ ತಡಮಾಡಿ ಕೊಟ್ಟೆ.