ಮುಖ ಕೊಟ್ಟು ಆಡಿದ ಮಾತು

ಮೊನ್ನೆ ಸಂಜೆ ನಮ್ಮ ಚಿನ್ನಮನೂರಿನ ಮನೆಯ ಅಡುಗೆಕೋಣೆಯಿಂದ ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ ಬೇಯುವ ವಾಸನೆ ಬಂತು. ಅಡುಗೆಯ ಹೊತ್ತಲ್ಲ ಅದು. ಎದ್ದು ಹೋಗಿ ನೋಡಿದರೆ ನಮ್ಮತ್ತೆ ಒಗ್ಗರಣೆ ಸೌಟಿನಲ್ಲಿ ಎಣ್ಣೆ ಕಾಯಿಸುತ್ತಿದ್ದರು. ಮಗಳಿಗೆ ನೆಗಡಿಯಾಗಿ, ಅವತ್ತು ಮಧ್ಯಾಹ್ನದಿಂದ ಕಿವಿನೋವು ಶುರುವಾಗಿತ್ತು. ನಾನು ಒಲೆ ಆರಿಸಿದೆ.

"ಏನಾತು ನಿಂಗೆ? ನಾವೆಲ್ಲ ಇದ್ರಾಗೇ ಬೆಳ್ದೋರು," ಅಂದರು ಅತ್ತೆ.

ಬೆಳೆದಿರಿ, ಸರಿ. ಆದರೆ ಈ ಎಣ್ಣೆಯ ವಾಸನೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ನೆತ್ತಿಗೇರುತ್ತದೆ. ಯಾಕೆಂದರೆ ನಮ್ಮ ದೊಡ್ಡವ್ವ...

ದೊಡ್ಡವ್ವ ಅಂದರೆ ರಕ್ತಸಂಬಂಧವೇನಲ್ಲ. ಹನುಮಂತನಪಟ್ಟಿಯಲ್ಲಿ ನನ್ನ ತವರಿನ ಪಕ್ಕದ ಮನೆಯವಳು. ಗಂಡ ಬೇಗ ತೀರಿಕೊಂಡ ಮೇಲೆ ದ್ರಾಕ್ಷಿ ತೋಟವನ್ನು ತಾನೇ ನೋಡಿಕೊಂಡವಳು. ಬಾಯಿ ಅಂದರೆ ಬಾಯಿ, ಬೀದಿಯ ಆ ತುದಿಗೆ ಕೇಳುವಂಥದ್ದು. ಚಿಕ್ಕಂದಿನಲ್ಲಿ ಅವಳಿಗೆ ಕಿವಿ ಸೋರುತ್ತಿತ್ತಂತೆ. ಬೆಳೆಯೋ ಮಕ್ಕಳಿಗೆ ಅದು ಇದ್ದದ್ದೇ ಅಂತ ಮನೆಯವರು ಬೆಳ್ಳುಳ್ಳಿ ಎಣ್ಣೆ ಬಿಟ್ಟು, ಹತ್ತಿ ತುರುಕಿ ಸುಮ್ಮನಾದರು. ಇವಳು ಮತ್ತೆ ಕಾಲುವೆಗೆ ಬಿದ್ದು ಈಜಾಡುವಳು. ನೆಗಡಿ ಬಂದಾಗಲೆಲ್ಲ ಕೀವು, ಕೀವು ಬಂದಾಗಲೆಲ್ಲ ಎಣ್ಣೆ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವಳ ಎಡಗಿವಿ ಪೂರಾ ಹೋಗಿತ್ತು. ಬಲಗಿವಿಯಲ್ಲಿ ಸದಾ ಹತ್ತಿ ಇರುತ್ತಿತ್ತು.

ನಮ್ಮವರು ತಲೆತಲಾಂತರದಿಂದ ತೇನಿ ಸೀಮೆಯ ಈ ತಮಿಳು ಕಣಿವೆಯಲ್ಲಿದ್ದಾರೆ. ಕನ್ನಡ ಮನೆಯೊಳಗೆ, ಹೊಸಿಲು ದಾಟಿದರೆ ತಮಿಳು. ನಾವು ಹುಡುಗಿಯರಂತೂ ಮನೆಯೊಳಗೂ ತಮಿಳೇ. ದೊಡ್ಡವ್ವನ ಹತ್ತಿರ ಮಾತ್ರ ಆ ಆಟ ನಡೆಯುತ್ತಿರಲಿಲ್ಲ. ಅವಳು ತುಟಿ ನೋಡಿ ಮಾತು ಹಿಡಿಯುತ್ತಿದ್ದಳು, ಅದೂ ಕನ್ನಡವಾದರೆ ಮಾತ್ರ. ತಮಿಳು ಬಾರದವಳೇನಲ್ಲ, ವ್ಯಾಪಾರಿಗಳ ಜೊತೆ ಜಗಳಕ್ಕೆ ನಿಂತರೆ ಅವರೇ ಕೈಮುಗಿದು ಹೋಗಬೇಕು. ಆದರೆ ಎದುರಿನವರ ತುಟಿಯ ಮೇಲೆ ತಮಿಳು ಅವಳಿಗೆ ಗುರುತೇ ಸಿಗುತ್ತಿರಲಿಲ್ಲ. ಯಾಕೆ ಅಂತ ಒಮ್ಮೆ ಕೇಳಿದ್ದೆ.

"ತಮಿಳು ಕಿವಿಯಾಗೆ ಕಲ್ತೆ, ಪಾಪಾ. ಕನ್ನಡ ನಮ್ಮವ್ವನ ಮೊಕ ನೋಡಿ ಕಲ್ತೆ," ಅಂದಳು. ಹುಡುಗಿಯರೆಲ್ಲ ಅವಳಿಗೆ ಪಾಪಾನೇ, ಎಷ್ಟೇ ಬೆಳೆದರೂ.

ದ್ರಾಕ್ಷಿ ಚಪ್ಪರದಡಿ ಯಾವಾಗಲೂ ಮಬ್ಬು. ಅಲ್ಲಿಗೆ ಹೋದರೆ ಅವಳು ಗೊಂಚಲು ಬಿಡಿಸುವ ಕತ್ತರಿ ಸೊಂಟಕ್ಕೆ ಸಿಕ್ಕಿಸಿ, ಅಂಟು ಬೆರಳಲ್ಲೇ ನನ್ನ ಗದ್ದ ಹಿಡಿದು, ಬಿಸಿಲು ಬಿದ್ದ ಕಡೆಗೆ ಎಳೆದು ನಿಲ್ಲಿಸುತ್ತಿದ್ದಳು. "ಊಂ, ಈಗ ಹೇಳು." ಗೊಣಗಿದರೆ ಬೈಗುಳ: "ಕಿವುಡಿ ಮುಂದೆ ಕಿನ್ನರಿ ಬಾರಿಸ್ಬ್ಯಾಡ, ಬಾಯ್ಬಿಟ್ಟು ಆಡು!" ಗೆಳತಿಯರ ಗುಟ್ಟು, ಅಮ್ಮನ ಮೇಲಿನ ಮುನಿಸು, ನನ್ನನ್ನು ನೋಡಲು ಬಂದಿದ್ದ ಮೊದಲ ಗಂಡಿನ ಮೂಗು... ಎಲ್ಲವನ್ನೂ ಅವಳಿಗೆ ಹೇಳಿದ್ದು ಆ ಬಿಸಿಲಲ್ಲಿ, ಕನ್ನಡದಲ್ಲಿ. ಬೇರೆಲ್ಲೂ ಬಾರದ ಪದಗಳು ಅಲ್ಲಿ ಹೇಗೋ ಬಾಯಿಗೆ ಬರುತ್ತಿದ್ದವು.

ನಾನು ತೇನಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ಬೆಳಗ್ಗೆ ಅವಳು ಚಪ್ಪರದ ಕಲ್ಲುಕಂಬ ತಬ್ಬಿಕೊಂಡು ಕೂತುಬಿಟ್ಟಳು. ತೋಟವೇ ಗಿರಗಿರ ಸುತ್ತುತ್ತಿದೆ ಅಂದಳು, ವಾಂತಿ ಮಾಡಿದಳು. ಒಬ್ಬರು ಪಿತ್ತ ಅಂದರು, ಇನ್ನೊಬ್ಬರು ದೃಷ್ಟಿ ಅಂದರು. ಅವಳನ್ನು ಹೆದರಿಸಿದ್ದು ತಲೆಸುತ್ತಲ್ಲ, ಬಲಗಿವಿ. ಅಷ್ಟಿಷ್ಟು ಉಳಿದಿದ್ದದ್ದೂ ಮಂಕಾಗಿತ್ತು. "ಮೋಟ್ರು ಕೇಳ್ತದೆ ಪಾಪಾ, ನಿನ್ ಗೆಜ್ಜೆ ಕೇಳ್ತಿಲ್ಲ," ಅಂದಳು. ಆ ಜೋರುಬಾಯಿಯ ಹೆಂಗಸು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅವಳನ್ನು ತೇನಿಗೆ ಕರೆದುಕೊಂಡು ಹೋದವಳು ನಾನೇ. ಡಾಕ್ಟರಮ್ಮ ತಮಿಳಲ್ಲಿ ಹೇಳಿದ್ದನ್ನು ನಾನು ಕಿಟಕಿಯ ಬೆಳಕಿಗೆ ಮುಖ ಮಾಡಿ ಕನ್ನಡದಲ್ಲಿ ಹೇಳಬೇಕು. ಕಿವಿಯ ತಮಟೆ ತೂತಾಗಿದೆ, ಅದಕ್ಕೆ ತೇಪೆ ಹಾಕಬಹುದು. ಆದರೆ ತಮಟೆಯ ಹಿಂದೆ ವರ್ಷಗಟ್ಟಲೆ ನಿಂತ ಕೀವಿನ ವಿಷ ಒಂದು ತೆಳ್ಳನೆ ಪೊರೆ ದಾಟಿ ಒಳಗಿವಿಗೆ ಇಳಿದಿದೆ. ಬಸವನಹುಳುವಿನ ಚಿಪ್ಪಿನಂತಿರುವ ಆ ಜಾಗದಲ್ಲಿ ಸದ್ದು ಹಿಡಿಯುವ ಸಣ್ಣಸಣ್ಣ ರೋಮಗಳಿವೆ. ಗೆಜ್ಜೆ, ಗುಬ್ಬಿಯಂಥ ಕೀರಲು ಸದ್ದು ಹಿಡಿಯುವವು ಮೊದಲು ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಮೈ ತೂಗಿ ನಿಲ್ಲಿಸುವ ಭಾಗವೂ ಅದರ ಪಕ್ಕದಲ್ಲೇ ಇದೆ, ತಲೆ ಸುತ್ತಿದ್ದು ಅದಕ್ಕೇ. ಆಪರೇಷನ್ ಮಾಡಿದರೆ ಕೀವು ನಿಂತೀತು, ಉಳಿದದ್ದು ಉಳಿದೀತು.

ಇದನ್ನೆಲ್ಲ ನಮ್ಮ ಮನೆಮಾತಿನಲ್ಲಿ ಹೇಗೆ ಹೇಳುವುದು? ಪೊರೆ, ಒಳಗಿವಿ, ಒಂದಕ್ಕೂ ಆಗ ನನಗೆ ಪದ ಗೊತ್ತಿರಲಿಲ್ಲ. ಕೊನೆಗೆ ಅವಳ ದ್ರಾಕ್ಷಿ ಬಳ್ಳಿಯನ್ನೇ ನೆನೆದು ಅಂದೆ: "ಎಲೆ ಹರಿದಿರೋದು ಸರಿ ಮಾಡ್ತಾರಂತೆ ದೊಡ್ಡವ್ವಾ. ಬೇರಿಗೆ ಇಳ್ದಿರೋ ರೋಗ ಮಾತ್ರ ವಾಸಿಯಾಗಲ್ವಂತೆ."

ನಾನು ನಿಲ್ಲಿಸಿದ ಮೇಲೂ ಅವಳು ನನ್ನ ಬಾಯಿ ನೋಡುತ್ತಲೇ ಇದ್ದಳು. ಆಮೇಲೆ, "ಆವತ್ತೇ ಬಂದಿದ್ರೆ?" ಅಂದಳು. ಡಾಕ್ಟರಮ್ಮನನ್ನು ಕೇಳಿದೆ. ಆಗಲೇ ಔಷಧಿ ಮಾಡಿಸಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲವೇನೋ ಅಂದರು. ಅದನ್ನೂ ಹೇಳಿದೆ.

"ನಮ್ಮವ್ವಂಗೇನು ಗೊತ್ತಿತ್ತು ಬಿಡು," ಅಂದಳು ದೊಡ್ಡವ್ವ. ಅತ್ತವಳು ನಾನು.

ಆಪರೇಷನ್ ಆಯಿತು, ಕೀವು ನಿಂತಿತು. ಉಳಿದದ್ದು ಕೆಲವು ವರ್ಷ ಇತ್ತು, ವಯಸ್ಸಾದಂತೆ ಅದೂ ಹೋಯಿತು. ಮದುವೆಯಾಗಿ ಚಿನ್ನಮನೂರಿಗೆ ಬಂದ ಮೇಲೂ ತವರಿಗೆ ಹೋದಾಗಲೆಲ್ಲ ಮೊದಲು ಅವಳ ಮನೆಗೇ ಓಡುತ್ತಿದ್ದೆ. ನನ್ನ ಮಗಳು ಹುಟ್ಟುವ ಮೊದಲೇ ಅವಳು ಹೋದಳು. ಆಮೇಲೆ ನಾನು ಕನ್ನಡದಲ್ಲೇ ಹೇಳಬೇಕಾದದ್ದು ಏನೂ ಉಳಿಯಲಿಲ್ಲ... ಎಲ್ಲರ ಜೊತೆಗೂ ತಮಿಳೇ ಸಾಲುತ್ತಿತ್ತು.

ಮೊನ್ನೆ ಸಂಜೆಯೇ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತಮಟೆ ಕೆಂಪಾಗಿದೆ ಅಷ್ಟೇ, ತೂತಾಗಿಲ್ಲ, ಔಷಧಿ ಪೂರ್ತಿ ಮುಗಿಸಿ, ಎಣ್ಣೆ ಬೇಡ ಅಂದರು. ಇವತ್ತು ಬೆಳಗ್ಗೆ ಅವಳು ಎದ್ದು ಬಂದಾಗ, ಗದ್ದ ಹಿಡಿದು ಬಾಗಿಲ ಬೆಳಕಿಗೆ ತಿರುಗಿಸಿ ಕೇಳಿದೆ, ದೊಡ್ಡದಾಗಿ ಬಾಯಿಬಿಟ್ಟು, ಒಂದೊಂದೇ ಪದವಾಗಿ: "ಕಿವಿ ಇನ್ನೂ ನೋಯ್ತದಾ?" ನಾನು ಅಪರೂಪಕ್ಕೆ ಕನ್ನಡದಲ್ಲಿ ಏನು ಕೇಳಿದರೂ ತಮಿಳಲ್ಲೇ ಉತ್ತರ ಕೊಡುವ ಹುಡುಗಿ ಅವಳು.

"ಯಾಕಮ್ಮಾ ಇಷ್ಟು ಬಾಯ್ ತೆಗೀತೀಯ? ನಂಗೆ ಕೇಳ್ತದಲ್ಲ!" ಅಂದಳು.

ಕನ್ನಡದಲ್ಲಿ! ಅಡುಗೆಕೋಣೆಯಿಂದ ಅತ್ತೆಯೂ ಇಣುಕಿ ನೋಡಿದರು. ನನಗೆ ಆಗಿಂದಾಗಲೇ ಬಸ್ಸು ಹತ್ತಿ ಹನುಮಂತನಪಟ್ಟಿಗೆ ಹೋಗಿ, ಆ ಚಪ್ಪರದಡಿ ಬಿಸಿಲು ಬಿದ್ದ ಕಡೆ ನಿಂತು, ಬಾಯ್ತುಂಬ ಹೇಳಬೇಕು ಅನ್ನಿಸಿತು. ದೊಡ್ಡವ್ವಾ, ನಮ್ಮ ಹುಡುಗಿ ಮಾತಾಡಿದ್ಲು, ಅವಳಿಗೆ ಚೆನ್ನಾಗಿ ಕೇಳ್ತದಂತೆ. ಹೇಳಬಹುದು. ನನ್ನ ಬಾಯಿ ನೋಡುವವರು ಅಲ್ಲಿ ಯಾರೂ ಇಲ್ಲ.