ಅಗಿದು ತಿಂದ ಫುಫು

ಕುಮಾಸಿಯ ಅಸಾಫೊ ಪೇಟೆಯಲ್ಲಿ ಯಾ ಬಿರಾಗೊ ಎಂಬವಳದೊಂದು ಹೋಟೆಲು, ಮರಗೆಣಸು ಬೇಯಿಸಿ ಕುಟ್ಟಿದ ಫುಫು ಅಲ್ಲಿಯ ಊಟ. ಅದಕ್ಕೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ, ಬಾಗಿಲಲ್ಲಿ ಅವಳೇ ಕೂತಿರುತ್ತಿದ್ದಳು. ನೂರ ನಲವತ್ತು ಕಿಲೊ ತೂಗುವ ಹೆಂಗಸಿನ ಸಾರು ಸಪ್ಪೆಯಿರಲಾರದು ಎಂದು ಊರೇ ನಂಬಿತ್ತು. "ಏನಮ್ಮ, ಇನ್ನೂ ದಪ್ಪ ಆಗಿದೀಯಲ್ಲ!" ಎಂದರೆ ಅಲ್ಲಿ ಹೊಗಳಿಕೆ. ಕೇಳಿ ಅವಳು ನಾಚಿಕೊಳ್ಳುತ್ತಿದ್ದಳು.

ಐವತ್ತು ದಾಟುವಷ್ಟರಲ್ಲಿ ಕಾಲು ಬಾತುಕೊಂಡವು. ಅಂಗಳ ದಾಟಿದರೆ ಏದುಸಿರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಮೂರು ದಿಂಬು ಒರಗಿಸಿ ಕೂತೇ ನಿದ್ದೆ. ಅವಳ ತಾಯಿಯೂ ಎರಡು ವರ್ಷ ಹೀಗೇ ಕೂತು ನಿದ್ದೆ ಮಾಡಿ ಕೂತಲ್ಲೇ ಪ್ರಾಣ ಬಿಟ್ಟಿದ್ದಳು. ಹೆಣವನ್ನು ನೆಟ್ಟಗೆ ಮಲಗಿಸಲು ನಾಲ್ಕು ಜನ ಬೇಕಾಗಿತ್ತು. ಬಿರಾಗೊಗೆ ಸಾಯುವುದಕ್ಕಿಂತ ಹಾಗೆ ಕೂತು ಸಾಯುವ ಭಯವೇ ಹೆಚ್ಚು.

ಡಾಕ್ಟರು ಕುಮಾಸಿಯವರೇ. ಸುತ್ತಿ ಬಳಸಿ ಮಾತಾಡಲಿಲ್ಲ. "ನಿಮ್ಮ ಹೃದಯ ಇನ್ನೂ ಪೂರ್ತಿ ಸೋತಿಲ್ಲಮ್ಮ, ಆದ್ರೆ ಸೋಲ್ತಾ ಇದೆ. ಇಷ್ಟು ದೊಡ್ಡ ಮೈಗೆ ರಕ್ತ ದೂಡಿ ದೂಡಿ ಸಾಕಾಗಿದೆ ಅದಕ್ಕೆ. ಆಪರೇಷನ್ ಮಾಡಿ ಹೊಟ್ಟೆ ಚಿಕ್ಕದು ಮಾಡೋಣ. ತೂಕ ಇಳಿದ್ರೆ ಹೃದಯಕ್ಕೂ ಹಗುರ. ಪೂರ್ತಿ ವಾಸಿ ಆಗುತ್ತೆ ಅಂತ ಮಾತು ಕೊಡಲ್ಲ, ಅಪಾಯ ಕಮ್ಮಿ ಆಗುತ್ತೆ."

ಆಪರೇಷನ್ ಆಯಿತು. ಆರು ವಾರ ಗಂಜಿ. ಅದು ಮುಗಿಸಿ ತೋರಿಸಲು ಹೋದಾಗ, ಇನ್ನು ಊಟ ಮಾಡಬಹುದು, ಆದರೆ ಪ್ರತಿ ತುತ್ತನ್ನೂ ಮೂವತ್ತು ಸಲ ಅಗಿಯಬೇಕು ಎಂದರು. ಬಿರಾಗೊ ತಲೆಯಾಡಿಸಿದಳು. ಮನೆಗೆ ಬಂದವಳೇ ನಿಂಬೆ ಗಾತ್ರದ ಫುಫು ಕಿತ್ತು, ಸಾರಿನಲ್ಲಿ ಅದ್ದಿ ಗುಳುಂ ಎನಿಸಿದಳು. ನಮ್ಮ ಮುದ್ದೆಯ ಹಾಗೆ ಫುಫುವನ್ನೂ ನುಂಗುವುದೇ ಹೊರತು ಯಾರೂ ಅಗಿಯುವುದಿಲ್ಲ.

ಅದು ಎದೆಯಲ್ಲಿ ಸಿಕ್ಕಿಕೊಂಡಿತು. ಹೃದಯವೇ ಒಡೆಯಿತೆಂದು ತಂಗಿ ಕೊನಾಡು ಬಾಯಿ ಬಡಿದುಕೊಳ್ಳುತ್ತ ಅವಳನ್ನು ಆಸ್ಪತ್ರೆಗೆ ಒಯ್ದಳು. ಹೇಗೋ ತುತ್ತು ಹೊರಬಂತು.

"ಅಗೀರಿ ಅಂತ ಹೇಳಿರ್ಲಿಲ್ವಾ?" ಡಾಕ್ಟರು ರೇಗಿದರು.

"ಊಟ ಅಗೀರಿ ಅಂದ್ರಿ ಡಾಕ್ಟ್ರೇ. ಫುಫು ಅಗೀರಿ ಅನ್ನಲಿಲ್ಲ. ನೀವು ಅಗೀತೀರಾ?"

ಡಾಕ್ಟರು ಚೀಟಿಯಲ್ಲಿ "ಫುಫುವನ್ನೂ ಅಗಿಯಬೇಕು" ಎಂದು ಬರೆದರು.

ಅಂದಿನಿಂದ ಅವಳು ಫುಫು ಮುಟ್ಟಲಿಲ್ಲ. ಮೈ ಇಳಿಯಿತು. ಮೈ ಇಳಿದಂತೆ ಗಿರಾಕಿಗಳೂ ಇಳಿದರು. ಅವಳಿಗೆ ಕೆಟ್ಟ ಕಾಯಿಲೆ ಎಂದು ಕೆಲವರು, ಸಾರಿನಲ್ಲೇ ಏನೋ ಇದೆ ಎಂದು ಉಳಿದವರು. ಇಪ್ಪತ್ತು ವರ್ಷ ಅಲ್ಲೇ ಉಂಡಿದ್ದ ಮುದುಕ ಬೊವಾಡು ಮುಖದ ಮೇಲೇ ಕೇಳಿದ: "ನಿನ್ನ ಫುಫು ನೀನೇ ತಿನ್ನಲ್ಲ ಮಗಳೇ. ನಾವ್ಯಾಕೆ ತಿನ್ನಬೇಕು?"

"ಅಕ್ಕ, ಎಲ್ಲರೆದುರು ಒಂದೇ ಒಂದು ತುತ್ತು ನುಂಗಿಬಿಡು, ಬಾಯಿ ಮುಚ್ಕೋತಾರೆ" ಎಂದು ಕೊನಾಡು ಗೋಗರೆದಳು.

ನುಂಗಿದರೆ ಪ್ರಾಣಕ್ಕೆ ಕುತ್ತು, ಬಿಟ್ಟರೆ ಹೋಟೆಲಿಗೆ.

ಭಾನುವಾರ ಚರ್ಚು ಮುಗಿಸಿ ಜನ ಬಂದಾಗ ಬಿರಾಗೊ ನಡುವಿನ ಮೇಜಿನಲ್ಲಿ ಬಟ್ಟಲಿಟ್ಟುಕೊಂಡು ಕೂತಳು. ಉಗುರಿನಷ್ಟು ಫುಫು ಬಾಯಿಗಿಟ್ಟು ಅಗಿಯತೊಡಗಿದಳು. ಒಬ್ಬ ಕಿಸಕ್ಕೆಂದ. "ಬಿಳಿಯರ ಥರ ಅಗೀತಾಳಲ್ಲಪ್ಪ!" ಎಂದಳು ಇನ್ನೊಬ್ಬಳು. ಇಡೀ ಹೋಟೆಲು ನಕ್ಕಿತು. ಅವಳಿಗೆ ಮೈಯೆಲ್ಲ ನಾಚಿಕೆ. ಆದರೂ ಬೆರಳು ಮಡಿಸಿ ಎಣಿಸುತ್ತ ಮೂವತ್ತು ಮುಗಿಸಿಯೇ ನುಂಗಿದಳು.

"ಹೇಗಿದೆ?" ಬೊವಾಡು ಕಣ್ಣು ಕಿರಿದು ಮಾಡಿದ.

"ಮೂವತ್ತು ವರ್ಷದಿಂದ ಮಾರ್ತಾ ಇದೀನಿ ತಾತ, ಇವತ್ತೇ ಗೊತ್ತಾಗಿದ್ದು. ಇದಕ್ಕೆ ರುಚಿನೇ ಇಲ್ಲ."

ಮುದುಕ ಮೇಜು ಕುಟ್ಟಿ ನಕ್ಕ. ಆಮೇಲೆ ತನಗೊಂದು ಬಟ್ಟಲು ಹೇಳಿದ. ಅವನ ನೋಡಿ ಉಳಿದವರೂ ಹೇಳಿದರು.

ಊಟದ ಗಲಾಟೆ ಮುಗಿದ ಮೇಲೆ ಕೊನಾಡು ಹಿಂದಿನ ಕೋಣೆಗೆ ಹೋದಳು. ಅಕ್ಕ ಚಾಪೆಯ ಮೇಲೆ ಅಂಗಾತ ಬಿದ್ದಿದ್ದಳು. ದಿಂಬುಗಳು ಮೂಲೆಯಲ್ಲಿದ್ದವು. ಎಷ್ಟೋ ವರ್ಷದಿಂದ ಅವಳು ಹಾಗೆ ಮಲಗಿದ್ದನ್ನು ಯಾರೂ ಕಂಡಿರಲಿಲ್ಲ. ಕೊನಾಡು ಕಿಟಾರನೆ ಕಿರುಚಿದಳು.

"ಸುಮ್ನಿರೇ" ಎಂದಳು ಬಿರಾಗೊ, ಕಣ್ಣು ತೆರೆಯದೆ. "ಮಲಗಿದೀನಿ ಅಷ್ಟೇ."