ಬೆಳಗ್ಗೆ ಮಾಲೀಕ, ಮಧ್ಯಾಹ್ನ ಬಾಡಿಗೆದಾರ

ನಮ್ಮ ದೊಡ್ಡಪ್ಪನ ಹತ್ತಿರ ಎರಡು ಶರ್ಟುಗಳಿದ್ದವು. ಬೇರೆಯವೂ ಇದ್ದವೆನ್ನಿ, ಆದರೆ ಲೆಕ್ಕಕ್ಕೆ ಬರುತ್ತಿದ್ದದ್ದು ಈ ಎರಡೇ. ಒಂದು ತಿಳಿನೀಲಿ, ಇಸ್ತ್ರಿ ಮಾಡಿ ಗರಿಗರಿಯಾಗಿರುತ್ತಿತ್ತು. ಇನ್ನೊಂದು ಬೂದು ಬಣ್ಣದ್ದು, ಕಾಲರ್ ಸವೆದು ನೂಲು ಬಿಟ್ಟಿತ್ತು. ತಿಂಗಳ ಮೊದಲ ಭಾನುವಾರ ಬೆಳಗ್ಗೆ ನೀಲಿ ಶರ್ಟು ತೊಟ್ಟು ತನ್ನ ಸ್ವಂತ ಮನೆಯ ಬಾಡಿಗೆ ತರಲು ಹೋಗುತ್ತಿದ್ದ. ಮಧ್ಯಾಹ್ನ ಬಂದು ಊಟ ಮುಗಿಸಿ, ಬೂದು ಶರ್ಟಿಗೆ ಬದಲಾಯಿಸಿಕೊಂಡು, ತಾನಿದ್ದ ಮನೆಯ ಬಾಡಿಗೆ ಕೊಡಲು ಮಹಡಿ ಹತ್ತುತ್ತಿದ್ದ. ಬೆಳಗ್ಗೆ ಎದೆ ಸೆಟೆಸಿಕೊಂಡು ಹೋದವನೇ ಮಧ್ಯಾಹ್ನ ಹಲ್ಲು ಗಿಂಜಿಕೊಂಡು ಮೆಟ್ಟಿಲು ಹತ್ತುವುದನ್ನು ನೋಡಿ ದೊಡ್ಡಮ್ಮ, "ಒಂದೇ ದಿನಕ್ಕೆ ಎಷ್ಟು ವೇಷ ರೀ ನಿಮ್ಮದು!" ಎಂದು ನಗುತ್ತಿದ್ದಳು.

ದೊಡ್ಡಪ್ಪನದು ಕನ್ನಡಕದ ಅಂಗಡಿ. ಎರಡು ಕುರ್ಚಿ, ಒಂದು ಗಾಜಿನ ಕಪಾಟು, ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಅಕ್ಷರಗಳ ಹಲಗೆ, ಹಿಂದುಗಡೆ ಗಾಜಿನ ಅಂಚು ಉಜ್ಜುವ ಮಶೀನು. ಮದುವೆಯಾದ ಹೊಸದರಲ್ಲಿ, ಇದ್ದಬದ್ದದ್ದನ್ನೆಲ್ಲ ಸುರಿದು ನಗರದ ಆಚೆ ತುದಿಯಲ್ಲಿ ಒಂದು ಮನೆ ಕೊಂಡಿದ್ದ. ಕೊಂಡಾದ ಮೇಲೆ ಜ್ಞಾನೋದಯವಾಯಿತು: ಅಲ್ಲಿಂದ ಅಂಗಡಿಗೆ ಬರಲು ಎರಡು ಬಸ್ಸು ಬದಲಿಸಬೇಕು, ಬಂದು ಬಾಗಿಲು ತೆಗೆಯುವಷ್ಟರಲ್ಲಿ ಗಿರಾಕಿಯ ಕಣ್ಣು ಇನ್ನಷ್ಟು ಮಂಜಾಗಿರುತ್ತದೆ! ಹಾಗಾಗಿ ಆ ಮನೆಯನ್ನು ಬಾಡಿಗೆಗೆ ಕೊಟ್ಟು, ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿದ. ಅಲ್ಲಿಯದು ದೊಡ್ಡ ಮನೆ, ಹಾಳು ಜಾಗ. ಇಲ್ಲಿಯದು ಸಣ್ಣ ಮನೆ, ಒಳ್ಳೆಯ ಜಾಗ. ಎರಡರ ಬಾಡಿಗೆಯೂ ಸರಿಸಮ. ಬೆಳಗ್ಗೆ ಅಲ್ಲಿ ಸಿಕ್ಕ ಕವರನ್ನು ಬಿಚ್ಚದೆ ಮಧ್ಯಾಹ್ನ ಇಲ್ಲಿ ಕೊಟ್ಟುಬಿಡುತ್ತಿದ್ದ. "ನಂಗೆ ಲಾಭಾನೂ ಇಲ್ಲ, ನಷ್ಟಾನೂ ಇಲ್ಲ, ನಿದ್ದೆ ಮಾತ್ರ ಚೆನ್ನಾಗಿ ಬರುತ್ತೆ" ಎನ್ನುತ್ತಿದ್ದ.

ಕವರಿನ ಜೊತೆ ದೂರುಗಳೂ ಹಾಗೇ ಸಾಗುತ್ತಿದ್ದವು. ಅಲ್ಲಿ ಬಾಡಿಗೆಗಿದ್ದವಳು ಒಬ್ಬ ನರ್ಸು. ಗಂಡ ಲಾರಿ ಓಡಿಸುವವನು, ಒಬ್ಬಳೇ ಮಗಳು. "ಅಣ್ಣ, ಅಡುಗೆಮನೆ ನಲ್ಲಿ ತೊಟ್ಟಿಕ್ತಿದೆ, ರಾತ್ರಿಯೆಲ್ಲ ಟಪ್ ಟಪ್ ಅಂತ ತಲೆ ತಿನ್ನುತ್ತೆ" ಎಂದು ಆಕೆ ಬೆಳಗ್ಗೆ ಹೇಳಿದರೆ, ದೊಡ್ಡಪ್ಪ ಗಂಭೀರವಾಗಿ "ನೋಡೋಣಮ್ಮ" ಎನ್ನುತ್ತಿದ್ದ. ಮಧ್ಯಾಹ್ನ ಮಹಡಿಯ ಮನೆಯೊಡತಿ ಅಜ್ಜಿಯ ಮುಂದೆ ನಿಂತು, "ಅಮ್ಮ, ನಮ್ಮ ಅಡುಗೆಮನೆ ನಲ್ಲಿ ತೊಟ್ಟಿಕ್ತಿದೆ, ರಾತ್ರಿಯೆಲ್ಲ ತಲೆ ತಿನ್ನುತ್ತೆ" ಎಂದು ಅದೇ ರಾಗ ಎಳೆಯುತ್ತಿದ್ದ. ನಮ್ಮ ನಲ್ಲಿ ತೊಟ್ಟಿಕ್ಕುತ್ತಿರಲೇ ಇಲ್ಲ! ಅಜ್ಜಿ ಏನು ಹೇಳುತ್ತಾಳೆ ಎಂದು ತಿಳಿಯುವುದಷ್ಟೇ ಅವನಿಗೆ ಬೇಕಿತ್ತು. "ವಾಷರ್ ನೀನು ಹಾಕಿಸ್ಕೋ, ನಲ್ಲಿ ಕೆಟ್ಟರೆ ನಾನು ಕೊಡಿಸ್ತೀನಿ" ಎಂದು ಅಜ್ಜಿ ಅಂದರೆ, ಮುಂದಿನ ತಿಂಗಳು ಅದೇ ತೀರ್ಪು ನೀಲಿ ಶರ್ಟು ತೊಟ್ಟು ನರ್ಸಮ್ಮನ ಮನೆ ತಲುಪುತ್ತಿತ್ತು. ಮಾಲೀಕನಾಗಿ ಅವನಿಗೆ ಸ್ವಂತ ಬುದ್ಧಿ ಅನ್ನುವುದು ಬೇಕಾಗಲೇ ಇಲ್ಲ.

ನಾನು ಆಗ ಕೆಲಸ ಹಿಡಿದು ಅದೇ ಬೀದಿಯ ಹಾಸ್ಟೆಲಿನಲ್ಲಿದ್ದೆ. ಭಾನುವಾರದ ಊಟ ದೊಡ್ಡಮ್ಮನ ಮನೆಯಲ್ಲಿ. ಅವಳ ಅಡುಗೆಮನೆಯ ಕಿಟಕಿ ನೇರ ಬೀದಿಗೆ. ಸೌಟು ಕೈಯಲ್ಲಿ ಹಿಡಿದೇ ಬೀದಿಯ ಅರ್ಧ ಜನರ ಯೋಗಕ್ಷೇಮ ವಿಚಾರಿಸುತ್ತಿದ್ದಳು. ಮಕ್ಕಳಿಲ್ಲದ ಮನೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ, ಆ ಕಿಟಕಿಯಲ್ಲಿ ಅಷ್ಟು ಗದ್ದಲ.

ಹೀಗೆ ವರ್ಷಗಳು ಉರುಳಿದವು. ನಗರದ ಆಚೆ ತುದಿಯ ಹಾಳು ಜಾಗಕ್ಕೆ ರೈಲು ಬಂತು. ದೊಡ್ಡಪ್ಪನ ಮನೆಯ ಎದುರಿಗೇ ಸ್ಟೇಷನ್ನು! ಆಫೀಸುಗಳು ಎದ್ದವು, ಅಕ್ಕಪಕ್ಕದ ಬಾಡಿಗೆಗಳು ಗಗನಕ್ಕೇರಿದವು. ಬ್ರೋಕರನೊಬ್ಬ ಕನ್ನಡಕ ಮಾಡಿಸಿಕೊಳ್ಳುವ ನೆಪದಲ್ಲಿ ಅಂಗಡಿಗೆ ಬಂದು, "ಸಾರ್, ಆ ನರ್ಸನ್ನ ಕಳಿಸಿ, ನಾಲ್ಕು ಪಟ್ಟು ಕೊಡಿಸ್ತೀನಿ" ಅಂದ. ದೊಡ್ಡಪ್ಪ ಅವನಿಗೆ ಹಲಗೆಯ ಕೊನೆಯ ಸಾಲು ಓದಿಸಿ ಕಳಿಸಿದ. ಅವನ ನಿಯಮ ಒಂದೇ: ಅಜ್ಜಿ ಏರಿಸಿದಾಗ ನಾನು ಏರಿಸುತ್ತೇನೆ. ಅಜ್ಜಿಯೋ ಏರಿಸುತ್ತಲೇ ಇರಲಿಲ್ಲ. ದೇವತೆ ಎಂದು ನಾವೆಲ್ಲ ಕೊಂಡಾಡುತ್ತಿದ್ದೆವು.

ಆಮೇಲೆ ಅಜ್ಜಿಗೆ ಮಂಡಿ ನೋವು ಜೋರಾಗಿ, ಮನೆಯ ವ್ಯವಹಾರ ಮಗನ ಕೈಗೆ ಹೋಯಿತು. ಮಗ ಒಳ್ಳೆಯ ಮಾತಿನವನು. ಕೂರಿಸಿ, ಟೀ ಕೊಟ್ಟು, "ಅಂಕಲ್, ಮುಂದಿನ ತಿಂಗಳಿಂದ ಮೂರು ಪಟ್ಟು" ಅಂದ.

ದೊಡ್ಡಪ್ಪನ ಕೈಯಲ್ಲಿ ಟೀ ಹಾಗೇ ಉಳಿಯಿತು. "ಇಷ್ಟು ವರ್ಷ ಅಮ್ಮ ಏರಿಸಲೇ ಇಲ್ಲವಲ್ಲಪ್ಪ..."

"ಹೇಗೆ ಏರಿಸ್ತಾಳೆ ಅಂಕಲ್? ಪ್ರತಿ ವರ್ಷ ನಿಮ್ಮನ್ನೇ ಕೇಳ್ತಿದ್ಲು, ಹೊರಗಡೆ ಬಾಡಿಗೆ ಹೇಗಿದೆ ಅಂತ. ನೀವು, ನನ್ನ ಮನೆಗೆ ಇಷ್ಟೇ ಬರೋದು ಅಂತಿದ್ರಿ. ಇಡೀ ಊರಲ್ಲಿ ಅಷ್ಟೇ ಇರಬೇಕು ಅಂತ ಅವಳೂ ಸುಮ್ಮನಾಗ್ತಿದ್ಲು."

ಅಂದರೆ ಅಜ್ಜಿ ಏರಿಸಲಿ ಎಂದು ಇವನು, ಇವನು ಏರಿಸಲಿ ಎಂದು ಅಜ್ಜಿ! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು, ನಗರ ಪಕ್ಕದಲ್ಲೇ ಓಡಿಹೋಗಿತ್ತು. ಇದನ್ನು ಕೇಳಿದ ದಿನ ನಾನು ಬಿದ್ದು ಬಿದ್ದು ನಕ್ಕೆ. ದೊಡ್ಡಮ್ಮ ನಗಲಿಲ್ಲ. ಕಿಟಕಿಯ ಹತ್ತಿರ ನಿಂತಿದ್ದಳು.

ಲೆಕ್ಕ ಸುಲಭವಾಗಿತ್ತು. ಅಂಗಡಿಯ ಸಂಪಾದನೆಯಲ್ಲಿ ಮೂರು ಪಟ್ಟು ಬಾಡಿಗೆ ಆಗದ ಮಾತು. ನರ್ಸಮ್ಮ ಅಷ್ಟು ಕೊಟ್ಟರೆ ಸರಿ, ಇಲ್ಲವಾದರೆ ಅವಳನ್ನು ಬಿಡಿಸಿ ಬ್ರೋಕರ್ ತಂದವರಿಗೆ ಕೊಡಬೇಕು. ಆಗ ದೊಡ್ಡಮ್ಮನಿಗೆ ಕಿಟಕಿ ಉಳಿಯುತ್ತದೆ. ಇಲ್ಲದಿದ್ದರೆ ಇವರೇ ಗಂಟುಮೂಟೆ ಕಟ್ಟಬೇಕು. ಹೋಗಿ ನರ್ಸಮ್ಮನಿಗೆ ಹೇಳಿಬಿಡು ಎಂದು ನಾನೇ ಜೋರು ಮಾಡಿದೆ. ದೊಡ್ಡಮ್ಮನ ಪರ ನನಗೆ ಅಷ್ಟು ಸಿಟ್ಟಿತ್ತು.

ಮುಂದಿನ ಭಾನುವಾರ ನಾನೂ ಜೊತೆಗೆ ಹೊರಟೆ, ದಾರಿಯಲ್ಲಿ ಅವನು ಮನಸ್ಸು ಬದಲಾಯಿಸದಿರಲಿ ಎಂದು. ನೀಲಿ ಶರ್ಟಿನ ದೊಡ್ಡಪ್ಪ ನರ್ಸಮ್ಮನ ಹಜಾರದಲ್ಲಿ ಕೂತು, ಅಜ್ಜಿಯ ಮಗ ಹೇಳಿದ್ದನ್ನೇ ಚಾಚೂ ತಪ್ಪದೆ ಒಪ್ಪಿಸಿದ. ಅವಳು ಅಳಲಿಲ್ಲ, ರೇಗಲಿಲ್ಲ. ಒಳಕೋಣೆಯಲ್ಲಿ ಓದುತ್ತಿದ್ದ ಮಗಳ ಕಡೆ ನೋಡಿ ದನಿ ತಗ್ಗಿಸಿದಳು.

"ಅಣ್ಣ, ಅಷ್ಟು ನಮ್ಮ ಕೈಲಿ ಆಗಲ್ಲ. ಬಿಟ್ಟು ಹೋದರೆ ಅವಳ ಸ್ಕೂಲು ಬಿಡಿಸಬೇಕಾಗುತ್ತೆ. ಎರಡು ವರ್ಷ ಟೈಮ್ ಕೊಡಿ, ಮಗಳ ಹೈಸ್ಕೂಲು ಮುಗೀಲಿ."

"ನೋಡೋಣಮ್ಮ" ಅಂದ ದೊಡ್ಡಪ್ಪ. ಬೇರೇನೂ ಹೇಳಲು ಅವನಿಗೆ ಬರುತ್ತಿರಲಿಲ್ಲ.

ಮಧ್ಯಾಹ್ನ ಊಟ ಸರಿಯಾಗಿ ಮಾಡಲಿಲ್ಲ. ಬೂದು ಶರ್ಟು ತೊಟ್ಟು ಮಹಡಿ ಹತ್ತಿದ. ನಾನು ಬಾಗಿಲ ಬಳಿ ನಿಂತಿದ್ದೆ. ಮಗ "ಏನು ತೀರ್ಮಾನ ಮಾಡಿದ್ರಿ ಅಂಕಲ್?" ಎಂದು ಕೇಳಿದ್ದೇ ತಡ, ಇಷ್ಟು ವರ್ಷದ ಅಭ್ಯಾಸ, ದೊಡ್ಡಪ್ಪನ ಬಾಯಿ ತಾನೇ ತೆರೆಯಿತು.

"ಎರಡು ವರ್ಷ ಟೈಮ್ ಕೊಡಪ್ಪ. ಮಗಳ ಹೈಸ್ಕೂಲು ಮುಗೀಲಿ."

ಮಗ ತಬ್ಬಿಬ್ಬಾದ. ನನ್ನ ಕಡೆ ನೋಡಿದ, ಮತ್ತೆ ದೊಡ್ಡಪ್ಪನ ಕಡೆ ನೋಡಿದ. "ನಿಮಗೆ ಮಗಳು ಎಲ್ಲಿದ್ದಾಳೆ ಅಂಕಲ್?"

ದೊಡ್ಡಪ್ಪ ನಾಲಗೆ ಕಚ್ಚಿಕೊಂಡ. ಕಾಲರಿನ ನೂಲು ಎಳೆದುಕೊಂಡ. ಆಮೇಲೆ ಮೆಲ್ಲಗೆ, "ಇದ್ದಾಳೆ. ನನ್ನ ಮನೇಲಿದ್ದಾಳೆ" ಅಂದ.

ಆದರೆ ಮಗನಿಗೆ ಅದೆಲ್ಲ ಹೇಗೆ ಅರ್ಥವಾಗಬೇಕು? ಅವನು ನಯವಾಗಿಯೇ ಹೇಳಿದ: "ಕಾಯೋಕೆ ಆಗಲ್ಲ ಅಂಕಲ್. ಆಗದಿದ್ದರೆ ಖಾಲಿ ಮಾಡಿ."

ಕೆಳಗೆ ಬಂದು ದೊಡ್ಡಮ್ಮನಿಗೆ ಎಲ್ಲ ಹೇಳಿದೆವು. ಅವಳು ಒಲೆ ಆರಿಸಿ ಬಂದು ಗಂಡನ ಎದುರು ಕೂತಳು.

"ಖಾಲಿ ಮಾಡಿ ಅನ್ನೋ ಈ ಮಾತನ್ನೂ ಮುಂದಿನ ತಿಂಗಳು ಅವಳಿಗೆ ಹೋಗಿ ಹೇಳ್ತೀರಾ?"

"ನಿನ್ನ ಕಿಟಕಿ..." ಅಂದ ದೊಡ್ಡಪ್ಪ.

"ಕಿಟಕಿ ವಿಷಯ ನನಗೆ ಬಿಡಿ. ಆ ಹುಡುಗಿ ಮುಖ ನೋಡಿ ಹೇಳ್ತೀರಾ, ಅದನ್ನು ಹೇಳಿ."

ದೊಡ್ಡಪ್ಪ ತಲೆಯಾಡಿಸಿದ, ಇಲ್ಲ ಎಂದು. ಇಷ್ಟು ವರ್ಷದಲ್ಲಿ ಮಹಡಿಯಿಂದ ಬಂದ ಮಾತೊಂದು ಆಚೆ ತುದಿಗೆ ತಲುಪದೆ ಉಳಿದದ್ದು ಅದೇ ಮೊದಲು.

ಅವರ ಸ್ವಂತ ಮನೆಯ ತಾರಸಿಯ ಮೇಲೆ ಹಳೆ ಸಾಮಾನು ತುಂಬಿದ್ದ ಒಂದು ಕೋಣೆ ಇತ್ತು. ನರ್ಸಮ್ಮನನ್ನು ಕೆಳಗೆ ಹಾಗೇ ಇರಿಸಿ, ಅದನ್ನು ಖಾಲಿ ಮಾಡಿ, ಮೂಲೆಯಲ್ಲಿ ಅಡುಗೆ ಕಟ್ಟೆ ಹಾಕಿಸಿ, ಅಲ್ಲಿಗೆ ಬಂದರು. ಬಾಡಿಗೆ ಏರಿಸಿದ ಅದೇ ರೈಲು ದೊಡ್ಡಪ್ಪನನ್ನು ಅರ್ಧ ಗಂಟೆಯಲ್ಲಿ ಅಂಗಡಿಗೆ ಮುಟ್ಟಿಸುತ್ತದೆ. ಕೋಣೆಗೆ ಕಿಟಕಿ ಇದೆ, ಎದುರಿಗೆ ಸ್ಟೇಷನ್ನಿನ ಗೋಡೆ. ಮೊದಮೊದಲು ದೊಡ್ಡಮ್ಮ ಸೌಟು ಹಿಡಿದು ಅಲ್ಲಿ ನಿಲ್ಲುತ್ತಿದ್ದಳು, ಆಮೇಲೆ ನಿಲ್ಲುವುದನ್ನು ಬಿಟ್ಟಳು. ನನಗೆ ಆ ಗೋಡೆ ಕಂಡರೆ ಈಗಲೂ ಮೈ ಉರಿಯುತ್ತದೆ.

ಅವರು ಅಲ್ಲಿಗೆ ಹೋದ ಮೇಲಿನ ಮೊದಲ ಬಾಡಿಗೆ ಭಾನುವಾರ ನಾನು ಅಲ್ಲೇ ಇದ್ದೆ. ನರ್ಸಮ್ಮ ಮಗಳ ಜೊತೆ ಮೆಟ್ಟಿಲು ಹತ್ತಿ ಬಂದು ಕವರು ಚಾಚಿದಳು. "ಅಣ್ಣ, ನೀವು ಹೇಳಿದಷ್ಟು ಆಗಲಿಲ್ಲ. ನಾವಾಗಿಯೇ ಅರ್ಧ ಪಾಲು ಜಾಸ್ತಿ ಇಟ್ಟಿದ್ದೀವಿ. ಇನ್ನು ಮುಂದೆ ಇಷ್ಟು ಕೊಡ್ತೀವಿ."

ಬಾಡಿಗೆ ಜಾಸ್ತಿ ಎಂಬ ಮಾತು ಕಿವಿಗೆ ಬಿದ್ದದ್ದೇ, ನೀಲಿ ಶರ್ಟಿನೊಳಗಿದ್ದ ದೊಡ್ಡಪ್ಪ ಬೆನ್ನು ಬಗ್ಗಿಸಿ, ಎರಡೂ ಕೈ ಉಜ್ಜಿಕೊಳ್ಳುತ್ತ, "ಅಷ್ಟೆಲ್ಲ ಆಗಲ್ಲಮ್ಮ, ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ" ಅಂದುಬಿಟ್ಟ!

ನರ್ಸಮ್ಮ ಕಣ್ಣು ಕಣ್ಣು ಬಿಟ್ಟಳು. ಹುಡುಗಿ ಕಿಸಕ್ಕನೆ ನಕ್ಕಳು. ದೊಡ್ಡಮ್ಮ ಒಳಗಿನಿಂದ ಬಂದು ಕವರನ್ನು ಸೆರಗಿಗೆ ಸೇರಿಸಿ, "ಇವರ ಮಾತು ಕಟ್ಟಿಕೊಳ್ಳಬೇಡ, ನೀನು ಕೊಟ್ಟಷ್ಟೇ ಸರಿ" ಎಂದು ನರ್ಸಮ್ಮನಿಗೆ ಹೇಳಿದಳು. ಆಮೇಲೆ ಹುಡುಗಿಯ ಕಡೆ ತಿರುಗಿದಳು. "ನೀನು ಸಂಜೆ ಪುಸ್ತಕ ತಗೊಂಡು ಮೇಲೆ ಬಾ. ಆ ಕಿಟಕಿ ಹತ್ತಿರ ಕೂತು ಓದು. ನಂಗೆ ಅಲ್ಲಿ ಯಾರಾದರೂ ಬೇಕು."